ಬೀಗ ಒಡೆಯದೆ ಹೋದ ಕೀಲಿಕೈ

1962ರ ವಸಂತಕಾಲ. ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ನಡೆಸುತ್ತಿದ್ದ ಅಲನ್ ಶೆರ್ ಅವರಿಗೆ ಕಂಪ್ಯೂಟರಿನ ಮೇಲೆ ವಾರಕ್ಕೆ ಸಿಗುತ್ತಿದ್ದುದು ನಾಲ್ಕೇ ಗಂಟೆ. ಅದು ಏನೇನೂ ಸಾಲದು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಹಿಂದಿನ ವರ್ಷವಷ್ಟೇ ಅಲ್ಲಿ ತೋರಿಸಿದ್ದರು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕದಿರಲೆಂದು ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್. ಅವೆಲ್ಲವನ್ನೂ ಒಂದು ಕಡತದಲ್ಲಿ ಬರೆದು ಇಟ್ಟಿದ್ದರು.

ಕಡತದ ಹೆಸರನ್ನು ಪಂಚ್ ಕಾರ್ಡಿನಲ್ಲಿ ಕೊಟ್ಟರೆ ಅದನ್ನು ಮುದ್ರಿಸಿಕೊಡುವ ಅನುಕೂಲ ಅಲ್ಲಿತ್ತು. ಒಂದು ಶುಕ್ರವಾರ ರಾತ್ರಿ ಶೆರ್ ಪಾಸ್‌ವರ್ಡ್ ಕಡತದ ಹೆಸರನ್ನೇ ಕೊಟ್ಟರು. ಶನಿವಾರ ಬೆಳಿಗ್ಗೆ ಹೋಗಿ ಪಟ್ಟಿ ತಂದರು. ಅವರು ಕೇಳಿದರು, ಯಂತ್ರ ಕೊಟ್ಟಿತು, ಅಷ್ಟೇ! ತಪ್ಪು ತನ್ನೊಬ್ಬನ ತಲೆಯ ಮೇಲೆ ಬಾರದಿರಲೆಂದು ಪಟ್ಟಿಯನ್ನು ಇತರರಿಗೂ ಹಂಚಿದರು.

1966ರಲ್ಲಿ ಯಾರೂ ಕೇಳಲೇ ಇಲ್ಲ. ಇಬ್ಬರು ನಿರ್ವಾಹಕರು ಒಂದೇ ಹೊತ್ತಿಗೆ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾಗಿ, ದಿನದ ಸೂಚನೆ ಕಾಣಬೇಕಾದ ಕಡೆ ಎಲ್ಲರ ಪಾಸ್‌ವರ್ಡ್‌ಗಳೂ ಕಾಣಿಸಿಕೊಂಡವು.

1970ರ ದಶಕದಲ್ಲಿ ಯುನಿಕ್ಸ್ ವ್ಯವಸ್ಥೆ ಪಾಸ್‌ವರ್ಡಿನ ಮೂಲರೂಪವನ್ನು ಇಟ್ಟುಕೊಳ್ಳದೆ, ಹಿಂದಿರುಗಿಸಲಾಗದಂತೆ ಮಾರ್ಪಡಿಸಿದ ರೂಪವನ್ನು ಮಾತ್ರ ಇಟ್ಟುಕೊಂಡಿತು. ಆದರೆ ಪರೀಕ್ಷಿಸುವವರಿಗೆ ಮೂಲ ಬೇಡದಿದ್ದರೂ ತೋರಿಸುವವರಿಗೆ ಬೇಕೇ ಬೇಕು. ಹಣ ಪಾವತಿ ಸೇವೆಯನ್ನೋ ದತ್ತಾಂಶ ಕೋಶವನ್ನೋ ಸಂಪರ್ಕಿಸುವ ಪ್ರೋಗ್ರಾಮಿನ ಪಕ್ಕದ ಕಡತದಲ್ಲಿ ಅದರ ರಹಸ್ಯ ಕೀಲಿ ಇಂದಿಗೂ ಹಲವೆಡೆ ಬರೆದ ಹಾಗೆಯೇ ಇರುತ್ತದೆ.

ಈಗ ಅದೇ ಕೋಣೆಗೆ ಹೊಸ ಆಳು ಬಂದಿದೆ. ಕೃತಕ ಬುದ್ಧಿಮತ್ತೆಯ ಕೋಡಿಂಗ್ ಏಜೆಂಟ್ ಕಡತಗಳನ್ನು ತಾನೇ ತೆರೆದು ಓದುತ್ತದೆ, ಪ್ರೋಗ್ರಾಂ ಬರೆದು ನಡೆಸುತ್ತದೆ. ಸಾಮಾನ್ಯವಾಗಿ ಅದು ಓದಿದ್ದು ದೂರದ ಕಂಪನಿಯ ಸರ್ವರಿಗೂ ಹೋಗುತ್ತದೆ. ಶೆರ್ ಅವರ ಕಾರ್ಡಿನಂತೆ, ಯಾವುದೋ ದಾಖಲೆಯಲ್ಲಿ ಯಾರೋ ಹುದುಗಿಸಿಟ್ಟ ಸಾಲನ್ನೇ ಯಜಮಾನನ ಅಪ್ಪಣೆಯೆಂದು ತಿಳಿದು ಅದು ಕೀಲಿಯನ್ನು ಹೊರಗೆ ಕಳಿಸಲೂಬಹುದು.

‘ಆ ಕಡತ ಓದಬೇಡ’ ಎಂದು ಬರೆದಿಟ್ಟರೆ ಸಾಕೆಂದು ಹಲವರು ನಂಬಿದ್ದಾರೆ. ಅದು ಬರೀ ವಿನಂತಿ. ಕೀಲಿ ಏಜೆಂಟಿನ ಕೈಗೆ ಎಟುಕುವಲ್ಲಿ ಇರಲೇಬಾರದು. ಅದನ್ನು ಹೊರಗಿನ ಇನ್ನೊಂದು ಪ್ರೋಗ್ರಾಂ ಸೇರಿಸಲಿ. ಕೊಡಲೇಬೇಕಾದರೆ ಒಂದೇ ಕೆಲಸಕ್ಕೆ, ಕೆಲವೇ ಗಂಟೆ ನಡೆಯುವ ಕೀಲಿ ಕೊಡಬೇಕು. ಸೋರಿದ ಕೀಲಿಯನ್ನು ಕಡತದಿಂದ ಅಳಿಸಿ ನಿಟ್ಟುಸಿರು ಬಿಡುವವರೂ ಇದ್ದಾರೆ. ಗಿಟ್ ವ್ಯವಸ್ಥೆಯ ಹಳೆಯ ಪ್ರತಿಗಳಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಆ ಕೀಲಿಯನ್ನು ರದ್ದುಮಾಡಿ ಹೊಸದನ್ನೇ ಪಡೆಯಬೇಕು.