ಜಪಾನಿನ ಮಹಿಳಾ ಮಲ್ಲಯುದ್ಧ: ನೆಲದ ಪಟ್ಟುಗಳ ಸೊಗಸು

ಮಲ್ಲಯುದ್ಧವೆಂದೊಡನೆ ವಾಚಕರ ಮನಸ್ಸು ಭೀಮ-ಜರಾಸಂಧರತ್ತ ಹರಿಯುವುದು ಸಹಜ. ಹೆಂಗಸರೇ ಕಣಕ್ಕಿಳಿದು ಅದನ್ನೊಂದು ವೃತ್ತಿಯಾಗಿ ಬೆಳೆಸಿದ ಕಥೆ ಜಪಾನಿನದು. 1954ರಲ್ಲಿ ಅಮೆರಿಕದ ಮಿಲ್ಡ್ರೆಡ್ ಬರ್ಕ್ ತನ್ನ ತಂಡದೊಡನೆ ಅಲ್ಲಿಗೆ ಹೋಗಿ ಕುಸ್ತಿಯಾಡಿದಳು. 1968ರಲ್ಲಿ ಹುಟ್ಟಿದ ಅಖಿಲ ಜಪಾನ್ ಮಹಿಳಾ ಕುಸ್ತಿ ಸಂಸ್ಥೆ 2005ರವರೆಗೆ ಬಾಳಿತು.

ಎತ್ತಿ ಎಸೆಯುವ, ಹಗ್ಗದ ಮೇಲಿಂದ ಜಿಗಿಯುವ ಅಬ್ಬರವೇ ಈ ಕಲೆಯ ಸರ್ವಸ್ವವಲ್ಲ. 1998ರಲ್ಲಿ ಪ್ರದರ್ಶನ ಆರಂಭಿಸಿದ ಆರ್ಸಿಯಾನ್ ಸಂಸ್ಥೆಯಲ್ಲಿ ಮರಿಕೊ ಯೊಶಿದಾ ನೆಲದ ಪಟ್ಟುಗಳಿಗೇ ಹೆಸರಾದಳು. ಜೂಡೋದಿಂದ ಬಂದ ಒಂದು ಪಟ್ಟನ್ನು ನೋಡಿರಿ: ಎದುರಾಳಿಯ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ, ಮಣಿಕಟ್ಟನ್ನು ಎದೆಗೊತ್ತಿಕೊಂಡು, ಸೊಂಟವನ್ನು ಮೇಲೆತ್ತಿದರೆ ಭಾರವೆಲ್ಲ ಮೊಣಕೈಯ ಕೀಲಿನ ಮೇಲೆ. ಸಿಕ್ಕವಳು ಎರಡೂ ಕೈಗಳನ್ನು ಹೆಣೆದು ತೋಳು ನೀಳವಾಗದಂತೆ ತಡೆಯುತ್ತಾಳೆ; ಹಿಡಿದವಳು ಆ ಹೆಣಿಗೆಯನ್ನು ಬಿಡಿಸಲು ಹವಣಿಸುತ್ತಾಳೆ.

ಇಲ್ಲಿ ಸೋಲು-ಗೆಲುವು ಮೊದಲೇ ಗೊತ್ತುಮಾಡಿದ್ದು. ಹಾಗಾದರೆ ನೋಡುವುದೇನೆಂದು ನೀವು ಕೇಳಬಹುದು. ಕಥೆಯ ಕೊನೆ ತಿಳಿದಿದ್ದರೂ ನಾವು ನಾಟಕಕ್ಕೆ ಹೋಗುವುದಿಲ್ಲವೆ? ಇಲ್ಲಿಯಾದರೋ ಕೀಲು ನಿಜವಾದದ್ದು. ಮಿತಿಮೀರಿ ಬಾಗಿದರೆ ಮುರಿದೇಹೋದೀತು. ಒಬ್ಬಳು ನಂಬಿ ಒಪ್ಪಿಸಿದ ತೋಳನ್ನು ಇನ್ನೊಬ್ಬಳ ವಿವೇಕ ಕಾಯುತ್ತದೆ. ಬಲ ತೋರುವುದಕ್ಕಿಂತ ಅದನ್ನು ಬಿಗಿಹಿಡಿಯುವುದು ಕಠಿನ. ಇಂಥ ಪಂದ್ಯ ನೋಡುವ ಸಂದರ್ಭ ಬಂದಾಗ ಆ ಕೈಗಳ ಮೇಲೆ ಕಣ್ಣಿಡಿರಿ.