ಟೊಸ್ಕಾನಿನಿಯ ಸೆಲ್ಲೊ ವರ್ಷಗಳು

1886ರ ಜೂನ್ 30ರಂದು ರಿಯೊ ಡಿ ಜನೈರೊದಲ್ಲಿ, ಪ್ರೇಕ್ಷಕರ ಗದ್ದಲದ ನಡುವೆ, 19ರ ಪ್ರಾಯದ ಸೆಲ್ಲೊ ವಾದಕ ಆರ್ಟುರೊ ಟೊಸ್ಕಾನಿನಿ ವರ್ದಿಯ ‘ಐದಾ’ ಒಪೆರಾವನ್ನು ನೆನಪಿನಿಂದಲೇ ನಿರ್ದೇಶಿಸಿದ. ಇದನ್ನು ಪವಾಡವೆಂದು ಬಣ್ಣಿಸುವುದು ಅವನ ದುಡಿಮೆಗೆ ಮಾಡುವ ಅನ್ಯಾಯ. ಪಾರ್ಮಾದ ಈ ದರ್ಜಿಯ ಮಗ ಒಂಬತ್ತರ ಪ್ರಾಯದಲ್ಲೇ ಅಲ್ಲಿನ ಸಂಗೀತಶಾಲೆ ಸೇರಿ, 1885ರವರೆಗೆ ಸೆಲ್ಲೊ ಮತ್ತು ಸ್ವರಸಂಯೋಜನೆ ಕಲಿತಿದ್ದ. ಅಂಥ ಸ್ಮರಣಶಕ್ತಿ ಹುಟ್ಟಿನಿಂದ ಬಂದದ್ದಲ್ಲವೇ ಎಂದು ಕೇಳಬಹುದು. ಇರಬಹುದು, ಆದರೆ ನೆನಪು ಸ್ವರಗಳನ್ನಷ್ಟೇ ಒದಗಿಸುತ್ತದೆ. ಗಾಯಕರ ಉಸಿರಿಗೆ ಇಡೀ ವಾದ್ಯವೃಂದವನ್ನು ಹೊಂದಿಸುವ ಕಸುಬು ವಾದಕರ ಸಾಲಿನಲ್ಲಿ ಕೂತು, ಅಕ್ಕಪಕ್ಕದ ವಾದ್ಯಗಳಿಗೆ ಕಿವಿಗೊಟ್ಟಾಗಲೇ ಕೈಗೆ ಹತ್ತುವುದು. ಇದು ಅವನಿಗೂ ಗೊತ್ತಿತ್ತು. ಅಷ್ಟು ದೊಡ್ಡ ಗೆಲುವಿನ ನಂತರವೂ, 1887ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ‘ಒಟೆಲ್ಲೊ’ದ ಮೊದಲ ಪ್ರಯೋಗ ನಡೆದಾಗ, ವರ್ದಿಯ ಕಣ್ಣೆದುರಿನಲ್ಲೇ ಕಲಿಯಲೆಂದು ಅವನು ಮತ್ತೆ ಸೆಲ್ಲೊ ಹಿಡಿದು ವಾದಕರ ನಡುವೆ ಕೂತ.