ಕುಂದಾಪುರ ಸೀಮೆಯ ಹೋಟೆಲು ಮಾಣಿಗಳೂ ಬಾಲರಕ್ಷಣೆಯ ಶಾಸನಗಳೂ

ಕುಂದಾಪುರದಿಂದ ತೆಂಕಣ ದಿಕ್ಕಿಗೆ ಹೋಗುವ ಹೆದ್ದಾರಿಯಲ್ಲಿ ಕುಂಭಾಶಿಯನ್ನು ದಾಟಿದ ಮೇಲೆ ಸಿಕ್ಕುವ ಊರು ತೆಕ್ಕಟ್ಟೆ. ಅಲ್ಲಿಯೂ ಸುತ್ತಣ ಕೋಟ, ಕೋಟೇಶ್ವರ ಮೊದಲಾದ ಊರುಗಳಲ್ಲಿಯೂ ಆಡುವ ಕುಂದಗನ್ನಡದಲ್ಲಿ 'ಮಾಣಿ' ಎಂದರೆ ಹುಡುಗನೆಂದಷ್ಟೇ ಅರ್ಥ; ಅದು ತಾಯಿ ತನ್ನ ಮಗನನ್ನು ಕರೆಯುವ ಮಾತು. ಘಟ್ಟದ ಮೇಲಣ ಕನ್ನಡದಲ್ಲಾದರೋ ಅದೇ ಮಾತಿಗೆ ಹೋಟೆಲಿನಲ್ಲಿ ತಿಂಡಿ ತಂದಿಡುವ, ಮೇಜು ಒರೆಸುವ ಆಳು ಎಂಬ ಅರ್ಥ ರೂಢವಾಗಿದೆ. ಈ ಅರ್ಥಪಲ್ಲಟವು ಕೇವಲ ಭಾಷೆಯ ವಿಲಾಸವಲ್ಲ. ಕರಾವಳಿಯ ಹುಡುಗರು ಎಷ್ಟು ದೊಡ್ಡ ಸಂಖ್ಯೆಯಲ್ಲಿ, ಎಷ್ಟು ದೀರ್ಘಕಾಲ, ಪರಸ್ಥಳದ ಹೋಟೆಲುಗಳಿಗೆ ದುಡಿಯಲು ಹೋದರೆಂಬುದಕ್ಕೆ ಅದೊಂದು ಸಾಕ್ಷಿ. ಆ ಹುಡುಗರನ್ನು ರಕ್ಷಿಸಲು ಹುಟ್ಟಿದ ಶಾಸನಗಳು ಯಾವುವು, ಅವು ಏಕೆ ಅವರನ್ನು ತಲುಪಲಿಲ್ಲ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಬಯಸುತ್ತೇವೆ.

ವಲಸೆಯ ಕಾರಣಗಳು ಸುಪರಿಚಿತವಾದುವು. ಚಾಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ಸ್ಥಿರವಾದ ಹಕ್ಕಿರಲಿಲ್ಲ. ಗೇಣಿ ಅಳೆದು ಉಳಿದ ಅಕ್ಕಿ ಮಳೆಗಾಲ ಮುಗಿಯುವವರೆಗೆ ಸಾಲುತ್ತಿರಲಿಲ್ಲ. ಈ ಸ್ಥಿತಿ ನಿಜವಾಗಿ ಬದಲಾದುದು ೧೯೭೪ರ ಭೂಸುಧಾರಣೆಯ ತಿದ್ದುಪಡಿಯ ತರುವಾಯವೇ. ಅತ್ತ ಮುಂಬಯಿ, ಮದರಾಸು, ಬೆಂಗಳೂರುಗಳಲ್ಲಿ ಉಡುಪಿ ಹೋಟೆಲುಗಳು ಬೆಳೆದುವು. ಅಡುಗೆಮನೆಯ ದುಡಿಮೆಯಿಂದ ಆರಂಭಿಸಿ, ೧೯೩೮ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕೆ. ಕೃಷ್ಣರಾಯರಂತಹವರ ಏಳಿಗೆ ನಾಡಿಗೆಲ್ಲ ತಿಳಿದುದು. ಆದರೆ ಇಂತಹ ಕೆಲವರ ಯಶಸ್ಸು ಹೆಸರಿಲ್ಲದ ಸಾವಿರಾರು ಹುಡುಗರ ಬಾಳನ್ನು ನಮ್ಮ ಕಣ್ಣಿಗೆ ಮರೆಮಾಡಿದೆ. ಗೆದ್ದವನ ಚರಿತ್ರೆ ಬರೆಯಲ್ಪಡುತ್ತದೆ. ಹತ್ತನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಲೋಟ ತೊಳೆದು, ಕಾಯಿಲೆ ಬಿದ್ದು ಊರಿಗೆ ಮರಳಿದವನ ಚರಿತ್ರೆ ಯಾವ ಕಡತದಲ್ಲಿಯೂ ಸಿಕ್ಕುವುದಿಲ್ಲ.

ಇನ್ನು ಶಾಸನಗಳ ವಿಚಾರ. ಮಂಗಳೂರು, ಕುಂದಾಪುರಗಳ ಹೆಂಚಿನ ಕಾರ್ಖಾನೆಗಳಂತಹ ದೊಡ್ಡ ಉದ್ಯಮಗಳಿಗೆ ಕಾರ್ಖಾನೆ ಶಾಸನವಿತ್ತು. ಅದು ೧೮೮೧ರಲ್ಲಿ ಏಳು, ೧೮೯೧ರಲ್ಲಿ ಒಂಬತ್ತು, ೧೯೨೨ರಲ್ಲಿ ಹನ್ನೆರಡು, ೧೯೪೮ರಲ್ಲಿ ಹದಿನಾಲ್ಕು ವರ್ಷಗಳೆಂದು ದುಡಿಮೆಯ ಕನಿಷ್ಠ ವಯಸ್ಸನ್ನು ಹಂತಹಂತವಾಗಿ ಏರಿಸಿತು. ದಕ್ಷಿಣ ಕನ್ನಡವು ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿ ೧೯೨೦ರಷ್ಟು ಹಿಂದೆಯೇ ಮಕ್ಕಳ ಶಾಸನ ಜಾರಿಗೆ ಬಂದಿತ್ತು. ಆದರೆ ಅದರ ದೃಷ್ಟಿ ಅಪರಾಧಿಗಳಾದ ಅಥವಾ ದಿಕ್ಕಿಲ್ಲದ ಮಕ್ಕಳ ಮೇಲಿತ್ತು. ತಂದೆಯೇ ಒಪ್ಪಿ, ನೆಂಟನ ಕೈಹಿಡಿಸಿ ಹಡಗು ಹತ್ತಿಸಿದ ಹುಡುಗ ದಿಕ್ಕಿಲ್ಲದವನೆಂದು ಯಾರೂ ಎಣಿಸಲಿಲ್ಲ.

ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು ೧೯೩೩ರ ಮಕ್ಕಳ ದುಡಿಮೆಯ ಒತ್ತೆ ನಿಷೇಧ ಶಾಸನ. ಮಕ್ಕಳನ್ನು ಮುಂಗಡದ ಹಣಕ್ಕೆ ಒತ್ತೆಯಿಡುವ ಪದ್ಧತಿಯನ್ನು ೧೯೩೧ರಲ್ಲಿ ಭಾರತದ ಕಾರ್ಮಿಕರನ್ನು ಕುರಿತ ರಾಯಲ್ ಕಮಿಷನ್ ಬಯಲಿಗೆ ತಂದಿತ್ತು. ಹದಿನೈದು ವರ್ಷ ತುಂಬದ ಮಗುವಿನ ದುಡಿಮೆಯನ್ನು ತಂದೆತಾಯಿಗಳು ಅಡವಿಡುವ ಕರಾರು, ಬರಹದಲ್ಲಿರಲಿ ಬಾಯಿಮಾತಿನಲ್ಲಿರಲಿ, ಅಸಿಂಧುವೆಂದು ಈ ಶಾಸನ ಸಾರಿತು. ತಂದೆತಾಯಿಗಳಿಗೆ ಐವತ್ತು ರೂಪಾಯಿಯವರೆಗೆ, ಕರಾರು ಮಾಡಿಕೊಂಡವನಿಗೂ ದುಡಿಸಿಕೊಂಡವನಿಗೂ ಇನ್ನೂರು ರೂಪಾಯಿಯವರೆಗೆ ದಂಡವನ್ನು ವಿಧಿಸಿತು. ಆದರೆ ಅದರಲ್ಲಿ ಒಂದು ವಿನಾಯಿತಿಯೂ ಇತ್ತು. ಮಗುವಿಗೆ ಹಾನಿಯಾಗದಂತೆ, ನ್ಯಾಯವಾದ ಕೂಲಿಯೊಂದನ್ನೇ ಪ್ರತಿಫಲವಾಗಿ ಪಡೆದು, ಒಂದು ವಾರದ ಸೂಚನೆಯಿಂದ ಮುಗಿಸಬಹುದಾದ ಕರಾರಿಗೆ ನಿಷೇಧವಿರಲಿಲ್ಲ. ಊರಿನಿಂದ ನೂರಾರು ಮೈಲಿ ದೂರದಲ್ಲಿ, ಯಜಮಾನನ ಅಂಗಡಿಯಲ್ಲೇ ಉಂಡು ಅಲ್ಲಿಯೇ ಮಲಗುವ, ಮರಳಲು ಕೈಯಲ್ಲಿ ಕಾಸಿಲ್ಲದ ಹುಡುಗ ಒಂದು ವಾರದ ಸೂಚನೆ ಕೊಟ್ಟು ಹೊರಟುಬರುವುದೆಂತು? ಶಾಸನಕಾರರು ಕಲ್ಪಿಸಿದ ಈ ಸ್ವಾತಂತ್ರ್ಯ ಕಾಗದದ ಮೇಲೆ ಮಾತ್ರ ಉಳಿಯಿತು.

ತರುವಾಯ ಬಂದ ೧೯೩೮ರ ಮಕ್ಕಳ ನೇಮಕ ಶಾಸನವು ರೈಲು ಸಾಗಾಟದಂತಹ ಕೆಲಸಗಳನ್ನು ಹೆಸರಿಸಿ ನಿಷೇಧಿಸಿತು. ಮರುವರ್ಷ ಬೀಡಿ ಕಟ್ಟುವುದೇ ಮೊದಲಾದ ಕಸುಬುಗಳ ಕಾರ್ಯಾಗಾರಗಳೂ ಸೇರಿದುವು. ಆದರೆ ಮನೆಮಂದಿಯಿಂದಲೇ ನಡೆಯುವ ಕಾರ್ಯಾಗಾರಕ್ಕೆ ವಿನಾಯಿತಿ ದೊರೆತುದರಿಂದ, ಕರಾವಳಿಯ ಮನೆಜಗಲಿಗಳಲ್ಲಿ ಬೀಡಿ ಸುತ್ತುವ ಮಕ್ಕಳು ಅದರ ಹೊರಗೇ ಉಳಿದರು. ೧೯೮೬ರ ಬಾಲಕಾರ್ಮಿಕ ಶಾಸನವೂ ಇದೇ ಮಾರ್ಗವನ್ನು ಹಿಡಿಯಿತು. ಅದರ ಪಟ್ಟಿಯಲ್ಲಿ ರೈಲು ನಿಲ್ದಾಣದ ಉಪಾಹಾರ ಗೃಹದಿಂದ ವೇದಿಕೆ ವೇದಿಕೆಗೆ ತಿರುಗಿ ಮಾರುವ ಕೆಲಸ ಸೇರಿತ್ತು. ನಿಲ್ದಾಣದ ಎದುರು ಬೀದಿಯ ಹೋಟೆಲು ಸೇರಿರಲಿಲ್ಲ. ಹೋಟೆಲು, ಚಹದಂಗಡಿ, ಮನೆಗೆಲಸಗಳು ಆ ಪಟ್ಟಿಗೆ ಸೇರಿದುದು ೨೦೦೬ರ ಅಕ್ಟೋಬರ್ ೧೦ರಂದು. ಎಂದರೆ, ೧೯೩೮ರಿಂದ ಎಣಿಸಿದರೆ ಅರುವತ್ತೆಂಟು ವರ್ಷಗಳ ಕಾಲ ಕೇಂದ್ರ ಶಾಸನದ ಕಣ್ಣಿಗೆ ಮಾಣಿ ಬಿದ್ದಿರಲಿಲ್ಲ.

ಪ್ರಾಂತಗಳ ಅಂಗಡಿ ಶಾಸನಗಳು, ಮದರಾಸಿನ ೧೯೪೭ರದೂ ಮುಂಬಯಿಯ ೧೯೪೮ರದೂ, ಗೊತ್ತಾದ ವಯಸ್ಸಿಗಿಂತ ಕಿರಿಯರನ್ನು ದುಡಿಸಕೂಡದೆಂದು ವಿಧಿಸಿದ್ದುವೆಂಬುದು ನಿಜ. ಇಲ್ಲಿ ಸೋತದ್ದು ಶಾಸನವಲ್ಲ, ಅದನ್ನು ನಡೆಯಿಸಬೇಕಾದ ವ್ಯವಸ್ಥೆ. ತನಿಖೆಯ ಅಧಿಕಾರಿ ಬಂದಾಗ ಹುಡುಗ ಯಜಮಾನನ ನೆಂಟನಾಗುತ್ತಿದ್ದನು. ವಯಸ್ಸು ಕೇಳಿದರೆ ಕಲಿಸಿಕೊಟ್ಟ ಸಂಖ್ಯೆಯನ್ನು ಹೇಳುತ್ತಿದ್ದನು. ಅವನ ನಿಜವಾದ ವಯಸ್ಸು ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿತ್ತು. ಪ್ರಶ್ನೆ ಮುಂಬಯಿಯಲ್ಲಿ, ಉತ್ತರ ಕುಂದಾಪುರ ತಾಲೂಕಿನಲ್ಲಿ. ಎರಡನ್ನೂ ಕೂಡಿಸುವ ಹೊಣೆ ಯಾವ ಇಲಾಖೆಯದೂ ಆಗಿರಲಿಲ್ಲ. ಶಾಲೆಯವರು ಬಹುಕಾಲ ಗೈರುಹಾಜರಾದ ಹುಡುಗನ ಹೆಸರಿಗೆ ಗೆರೆ ಎಳೆದರೆ ಅವರ ಕೆಲಸ ಮುಗಿಯಿತು. ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ದೊರೆಯಬೇಕೆಂದು ಸಂವಿಧಾನ ಆಶಿಸಿತ್ತು; ಆ ಅವಧಿ ೧೯೬೦ರಲ್ಲಿ ತೀರಿತು. ಶಿಕ್ಷಣವು ಮಕ್ಕಳ ಹಕ್ಕಾಗಿ ಜಾರಿಗೆ ಬಂದುದು ೨೦೧೦ರ ಏಪ್ರಿಲ್ ೧ರಂದು.

ಇನ್ನೊಂದು ಸಂಗತಿಯನ್ನು ಸಂಕೋಚದಿಂದ ಬದಿಗಿಡುವಂತಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಬೆಂಚಿನ ಮೇಲೂ ಅಟ್ಟದ ಮೇಲೂ ದೊಡ್ಡ ಆಳುಗಳ ನಡುವೆ ಮಲಗುವ ಮಗುವಿಗೆ ಏಟಿನ ಭಯವಲ್ಲದೆ ಲೈಂಗಿಕ ದೌರ್ಜನ್ಯದ ಭಯವೂ ಇರುತ್ತದೆ. ಗಂಡುಮಕ್ಕಳಿಗೆ ಇಂತಹುದು ಒದಗದೆಂಬ ನಂಬಿಕೆ ಬಹುಕಾಲ ನಮ್ಮ ಸಮಾಜದಲ್ಲಿತ್ತು. ಕೇಂದ್ರ ಸರಕಾರ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಳಿಸಿತು. ವಿಚಾರಿಸಲ್ಪಟ್ಟ ಮಕ್ಕಳಲ್ಲಿ ನೂರಕ್ಕೆ ಐವತ್ತಮೂರು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ತಿಳಿಸಿದರು, ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವರು ಗಂಡುಮಕ್ಕಳು. ೨೦೧೨ರ ಪೋಕ್ಸೊ ಶಾಸನ ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳನ್ನು ರಕ್ಷಿಸುತ್ತದೆ. ತಿಳಿದೂ ದೂರು ಕೊಡದಿರುವುದನ್ನು ಅಪರಾಧವೆನ್ನುತ್ತದೆ.

ಸಮಾಜ ಸುಮ್ಮನಿತ್ತೆಂದು ಹೇಳಲಾಗದು. ಮುಂಬಯಿಯ ಕನ್ನಡಿಗರು ನಡೆಯಿಸಿದ ರಾತ್ರಿಶಾಲೆಗಳಲ್ಲಿ ಅನೇಕ ಹೋಟೆಲು ಹುಡುಗರು ಕಲಿತು ಮೇಲೆ ಬಂದರು. ಆ ಉಪಕಾರ ದೊಡ್ಡದು. ಆದರೂ ಹಗಲಿನ ದುಡಿಮೆಯನ್ನು ಒಪ್ಪಿಕೊಂಡೇ ಅದು ನಡೆಯಿತು. ಬೇರೊಂದು ದಾರಿಯನ್ನು ತೋರಿಸಿದ್ದು, ಬೆಂಗಳೂರಿನ 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ. ದುಡಿಯುವ ಮಕ್ಕಳದೇ ಆದ ಭೀಮ ಸಂಘ ೧೯೯೦ರಲ್ಲಿ ರೂಪುಗೊಂಡಿತು. ಅದೇ ದಶಕದಲ್ಲಿ ಕುಂದಾಪುರ ತಾಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳ ಪಂಚಾಯತಿಗಳು ಹುಟ್ಟಿದುವು. ಮಗು ಊರು ಬಿಡುವ ಮೊದಲೇ ಏಕೆ ಬಿಡುತ್ತಿದೆ ಎಂದು ಅಲ್ಲಿಯೇ ಕೇಳುವುದು ಇದರ ಸತ್ತ್ವ. ಪಟ್ಟಣದ ಅಡುಗೆಮನೆಯಲ್ಲಿ ಹುಡುಕುವುದಕ್ಕಿಂತ ಇದು ಸುಲಭವೂ ಹೌದು, ಮಾನವೀಯವೂ ಹೌದು.

ಇಂದು ಹದಿನೆಂಟು ತುಂಬದವರನ್ನು ಶೋಷಣೆಗಾಗಿ ಸಾಗಿಸಿದರೆ, ಅವರು ಒಪ್ಪಿದ್ದರೂ ಅದು ಮಾನವ ಸಾಗಣೆಯೇ ಎಂದು ಅಂತರರಾಷ್ಟ್ರೀಯ ವಿಧಿ ಹೇಳುತ್ತದೆ. ಭಾರತವು ಅದನ್ನು ೨೦೧೧ರಲ್ಲಿ ಅಂಗೀಕರಿಸಿತು. ಹಿಂದೆ ಮಕ್ಕಳನ್ನು ಕಳುಹಿಸುತ್ತಿದ್ದ ಕರಾವಳಿಗೆ ಈಗ ಬಯಲುಸೀಮೆಯಿಂದಲೂ ಹೊರರಾಜ್ಯಗಳಿಂದಲೂ ಕೆಲಸಗಾರರು ಬರುತ್ತಾರೆ. ಅವರೊಡನೆ ಬರುವ ಮಕ್ಕಳ ಹೆಸರು ಯಾವ ಊರಿನ ಶಾಲೆಯಲ್ಲಿ ಗೆರೆ ಎಳೆಸಿಕೊಂಡಿದೆ, ಇಲ್ಲಿಯ ಯಾವ ಶಾಲೆಯಲ್ಲಿ ಬರೆಯಲ್ಪಟ್ಟಿದೆ ಎಂಬುದನ್ನು ಕೇಳುವುದು ಈಗ ನಮ್ಮ ಸರದಿ. ಈ ವಿಷಯದಲ್ಲಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಮೊದಲು ತಮ್ಮೂರಿನ ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ತೆರೆಯಬೇಕೆಂದು ಸೂಚಿಸುತ್ತೇವೆ. ಆ ಗೆರೆಗಳನ್ನು ಎಣಿಸಿ, ಬದುಕಿರುವ ಹಿರಿಯರ ಮಾತನ್ನು ಬರೆದುಕೊಂಡರೆ, ಇದುವರೆಗೆ ಬರೆಯದೆ ಉಳಿದ ಒಂದು ಅಧ್ಯಾಯಕ್ಕೆ ಆಧಾರ ದೊರೆಯುತ್ತದೆ.